ವಿಳಾಸವಿದೆ, ದತ್ತಾಂಶ ಎಲ್ಲಿ?

ನೀವು ಅಧ್ಯಾಪಕರಾಗಿದ್ದರೆ ಈ ಅನುಭವ ನಿಮಗೆ ಆಗಿರಲೇಬೇಕು. ಮೂವತ್ತು ವರ್ಷಗಳ ಹಿಂದೆ ಶಾಲೆ ಬಿಟ್ಟುಹೋದವರೊಬ್ಬರು ಜನ್ಮದಿನಾಂಕದ ದೃಢೀಕರಣ ಕೇಳಿಕೊಂಡು ಬರುತ್ತಾರೆ. ಆ ವರ್ಷದ ದಾಖಲಾತಿ ವಹಿ ಕಚೇರಿಯ ಬೀರುವಿನಲ್ಲಿ ಸಿಗುವುದಿಲ್ಲ. ಹಳೆಯ ಜವಾನರನ್ನು ಕರೆದು ಕೇಳಿದರೆ, "ಅದು ಮೂಲೆ ಕೋಣೆಯ ಅಟ್ಟದ ಮೇಲೆ ಕೆಂಪು ಬಟ್ಟೆಯ ಗಂಟಿನಲ್ಲಿದೆ ಸಾರ್" ಎನ್ನುತ್ತಾರೆ. ಗಂಟು ಬಿಚ್ಚಿದರೆ ವಹಿ ಅಲ್ಲೇ ಇರುತ್ತದೆ. ಎಲ್ಲರಿಗೂ ಸಮಾಧಾನ. ಆದರೆ ಒಂದು ಸಂಗತಿಯನ್ನು ಗಮನಿಸಿ. ವಹಿ ಎಲ್ಲಿದೆ ಎಂಬ ತಿಳಿವಳಿಕೆ ಯಾವ ಪುಸ್ತಕದಲ್ಲೂ ಬರೆದಿಲ್ಲ. ಅದು ಜವಾನರ ನೆನಪಿನಲ್ಲಿ ಮಾತ್ರ ಇದೆ. ಅವರು ನಿವೃತ್ತರಾದ ಮರುದಿನ?

ಗಣಕ ಬಂದ ಮೇಲೆ ಇಂಥ ತೊಂದರೆ ಇರುವುದಿಲ್ಲ ಎಂದು ನಾವು ನಂಬಿದ್ದೇವೆ. ದತ್ತಾಂಶ ಎಲ್ಲಿದೆ ಎಂಬುದು ತಂತ್ರಾಂಶಕ್ಕೆ ಗೊತ್ತಿರುತ್ತದೆ, ಕೇಳಿದರೆ ಕೊಡುತ್ತದೆ. ಈ ನಂಬಿಕೆ ಅರ್ಧ ಮಾತ್ರ ನಿಜ. ಹಳೆಯ ದತ್ತಾಂಶವನ್ನು ಭಾಗಗಳಾಗಿ ವಿಂಗಡಿಸಿ ಬೇರೆ ಬೇರೆ ಡಿಸ್ಕುಗಳಿಗೆ ಸಾಗಿಸುವ ಸೌಲಭ್ಯ ಇಂದಿನ ಎಲ್ಲ ದೊಡ್ಡ ದತ್ತಸಂಚಯ ತಂತ್ರಾಂಶಗಳಲ್ಲೂ ಇದೆ. ಸಾಗಿಸುವ ಕೆಲಸದಲ್ಲಿ ಅವು ನಿಪುಣ. ಸಾಗಿಸಿದ ಮೇಲೆ ಅದರ ಯೋಗಕ್ಷೇಮ ವಿಚಾರಿಸುವುದರಲ್ಲಿ ಮಾತ್ರ ಆ ನಿಪುಣತೆ ಕಾಣುವುದಿಲ್ಲ. ಈ ಲೇಖನದ ಆಕ್ಷೇಪಣೆ ಇಷ್ಟೆ. ಅದನ್ನು ಉದಾಹರಣೆಗಳೊಡನೆ ಪರಿಶೀಲಿಸೋಣ.

ನಡೆದ ಒಂದು ಸಂಗತಿ

ಒಂದು ಶಿಕ್ಷಣ ಸಂಸ್ಥೆಯಲ್ಲಿ ಅಂಕಗಳ ದತ್ತಸಂಚಯಕ್ಕೆ ಸಂಬಂಧಿಸಿದಂತೆ ನೆರವು ಬೇಕೆಂದು ನನ್ನನ್ನು ಕರೆದಿದ್ದರು. ಹಳೆಯ ವಿದ್ಯಾರ್ಥಿನಿಯೊಬ್ಬರಿಗೆ 2009ರ ಅಂಕಪಟ್ಟಿಯ ಪ್ರಮಾಣಿತ ಪ್ರತಿ ತುರ್ತಾಗಿ ಬೇಕಿತ್ತು. ಗುಮಾಸ್ತರು ನೋಂದಣಿ ಸಂಖ್ಯೆಯನ್ನೂ ವರ್ಷವನ್ನೂ ಕೊಟ್ಟು ಗುಂಡಿ ಒತ್ತಿದರೆ, "ಕಡತ ತೆರೆಯಲಾಗಲಿಲ್ಲ, ಅಂಥ ಕಡತ ಅಥವಾ ಫೋಲ್ಡರ್ ಇಲ್ಲ" ಎಂಬ ಅರ್ಥದ ಸಂದೇಶ ಬರುತ್ತಿತ್ತು. ಅದೇ ತಂತ್ರಾಂಶ ಆ ವರ್ಷದ ಅಂಕಪಟ್ಟಿಗಳನ್ನು ಸರಾಗವಾಗಿ ಮುದ್ರಿಸುತ್ತಿತ್ತು!

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗಣಕದ ಮುಖ್ಯ ಡಿಸ್ಕ್ ತುಂಬುತ್ತಿದ್ದಾಗ ಹಿಂದೆ ಯಾರೋ 2010ಕ್ಕಿಂತ ಹಳೆಯ ವರ್ಷಗಳ ಭಾಗಗಳನ್ನು ಹೊರಗಿನಿಂದ ಜೋಡಿಸಿದ ಇನ್ನೊಂದು ಡಿಸ್ಕಿಗೆ ಸಾಗಿಸಿದ್ದರು. ಅದು ಸರಿಯಾದ ಕ್ರಮವೇ. ಆಮೇಲೆ ಗಣಕವನ್ನು ಬೇರೊಂದು ಕೊಠಡಿಗೆ ಸ್ಥಳಾಂತರಿಸಿದಾಗ ಆ ಡಿಸ್ಕನ್ನು ಮತ್ತೆ ಜೋಡಿಸಲಿಲ್ಲ. ಅದರ ಮೇಲೆ ಚೀಟಿ ಇರಲಿಲ್ಲ. ಖಾಲಿ ಡಿಸ್ಕ್ ಎಂದು ಭಾವಿಸಿ ಅದನ್ನು ಅಳಿಸಿ, ವಾರ್ಷಿಕೋತ್ಸವದ ವೀಡಿಯೊ ತುಂಬಲು ಬಳಸಿದ್ದರು. ಇದೆಲ್ಲ ಆಗಿ ಒಂದು ವರ್ಷಕ್ಕೂ ಮಿಕ್ಕಿತ್ತು. ಅಷ್ಟು ದಿನವೂ ದತ್ತಸಂಚಯ ಪ್ರತಿದಿನ ಬೆಳಿಗ್ಗೆ ಆರಂಭವಾಗುತ್ತಿತ್ತು, ಕೆಲಸ ಮಾಡುತ್ತಿತ್ತು, ಸಂಜೆ ನಿಲ್ಲುತ್ತಿತ್ತು. ತನ್ನ ಅರ್ಧ ದೇಹ ಇಲ್ಲವೆಂದು ಅದು ಯಾರಿಗೂ ಹೇಳಲಿಲ್ಲ. ದಿನಚರಿ ಕಡತದಲ್ಲಿ ಎಲ್ಲೋ ಒಂದು ಸಾಲು ಬಂದಿದ್ದರೂ ಆ ಕಡತವನ್ನು ತೆರೆಯುವವರು ಇರಲಿಲ್ಲ.

ತಪ್ಪು ಯಾರದು? ಚೀಟಿ ಅಂಟಿಸದವರದು ಎನ್ನುವುದು ಸುಲಭ. ಆದರೆ ತಂತ್ರಾಂಶದ ರಚನೆಯನ್ನು ಸ್ವಲ್ಪ ಆಳವಾಗಿ ನೋಡಿದರೆ ಉತ್ತರ ಅಷ್ಟು ಸರಳವಲ್ಲ ಎನ್ನುವುದು ನಿಮಗೇ ತಿಳಿಯುತ್ತದೆ.

ವಿಂಗಡಣೆ ಏಕೆ?

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ವಿಶ್ವವಿದ್ಯಾಲಯದಲ್ಲಿ 1 ಲಕ್ಷ ವಿದ್ಯಾರ್ಥಿಗಳಿದ್ದಾರೆ, ಪ್ರತಿಯೊಬ್ಬರೂ ವರ್ಷಕ್ಕೆ 12 ಪತ್ರಿಕೆಗಳ ಪರೀಕ್ಷೆ ಬರೆಯುತ್ತಾರೆ ಎಂದು ಇಟ್ಟುಕೊಳ್ಳಿ. ವರ್ಷಕ್ಕೆ 12 ಲಕ್ಷ ಸಾಲುಗಳು ಅಂಕಗಳ ಕೋಷ್ಟಕಕ್ಕೆ ಸೇರುತ್ತವೆ. 20 ವರ್ಷಗಳಲ್ಲಿ 2 ಕೋಟಿ 40 ಲಕ್ಷ ಸಾಲುಗಳು! ದಿನನಿತ್ಯ ಬೇಕಾಗುವುದು ಇತ್ತೀಚಿನ ಒಂದೆರಡು ವರ್ಷಗಳ ಸಾಲುಗಳು ಮಾತ್ರ. ಉಳಿದವು ಅಪರೂಪಕ್ಕೆ ಬೇಕು. ಆದರೆ ಬೇಕಾದಾಗ ಬೇಕೇ ಬೇಕು.

ಇಂಥ ದೊಡ್ಡ ಕೋಷ್ಟಕವನ್ನು ವರ್ಷವಾರು ತುಂಡುಗಳನ್ನಾಗಿ ಮಾಡಿ ಇಡುವುದಕ್ಕೆ ಪಾರ್ಟಿಷನಿಂಗ್ ಅಥವಾ ವಿಂಗಡಣೆ ಎನ್ನುತ್ತಾರೆ. ಹೊರಗಿನಿಂದ ನೋಡುವವರಿಗೆ ಒಂದೇ ಕೋಷ್ಟಕ. ಒಳಗೆ ಇಪ್ಪತ್ತು ಚಿಕ್ಕ ಕೋಷ್ಟಕಗಳು. ನೀವು "2024ರ ಅಂಕ ಕೊಡು" ಎಂದರೆ ತಂತ್ರಾಂಶ ಉಳಿದ ಹತ್ತೊಂಬತ್ತು ಭಾಗಗಳನ್ನು ಮುಟ್ಟುವುದೇ ಇಲ್ಲ. ತೋಟಗಾರ ಬೇಡದ ಕೊಂಬೆಗಳನ್ನು ಸವರುವಂತೆ ಬೇಡದ ಭಾಗಗಳನ್ನು ಹುಡುಕಾಟದಿಂದ ತೆಗೆದುಹಾಕುವುದರಿಂದ ಈ ಕ್ರಮಕ್ಕೆ ಪ್ರೂನಿಂಗ್ ಎಂಬ ಹೆಸರು ಬಂದಿದೆ. ನಾವು ಅದನ್ನು ಸವರುವಿಕೆ ಎನ್ನೋಣ.

ವಿಂಗಡಿಸಿದ ಮೇಲೆ ಇನ್ನೊಂದು ಅನುಕೂಲ ತಾನಾಗಿ ಒದಗುತ್ತದೆ. ಪ್ರತಿ ಭಾಗವನ್ನೂ ಬೇರೆ ಬೇರೆ ಕಡೆ ಇಡಬಹುದು. ಹೊಸ ವರ್ಷಗಳು ವೇಗದ, ದುಬಾರಿ ಡಿಸ್ಕಿನಲ್ಲಿ; ಹಳೆಯವು ನಿಧಾನದ, ಅಗ್ಗದ ಡಿಸ್ಕಿನಲ್ಲಿ. ಭಾಗವನ್ನು ಇಡುವ ಈ ಜಾಗಕ್ಕೆ ಅನೇಕ ತಂತ್ರಾಂಶಗಳಲ್ಲಿ ಟೇಬಲ್‌ಸ್ಪೇಸ್ ಎನ್ನುತ್ತಾರೆ. ಸಂಗ್ರಹ ತಾಣ ಎಂದು ಕನ್ನಡದಲ್ಲಿ ಕರೆಯಬಹುದು.

ಇದು ಹೊಸ ವಿಚಾರವೇನಲ್ಲ. ಒರಾಕಲ್ ತಂತ್ರಾಂಶದ 8ನೆಯ ಆವೃತ್ತಿಯಲ್ಲಿ, 1997ರಲ್ಲಿ, ವಿಂಗಡಣೆ ಬಂದಿತು. ಮುಕ್ತ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಸಂಗ್ರಹ ತಾಣಗಳು 2005ರ ಜನವರಿಯಲ್ಲಿ 8.0 ಆವೃತ್ತಿಯೊಂದಿಗೆ ಬಂದವು. ಅದೇ ವರ್ಷದ 8.1 ಆವೃತ್ತಿಯಲ್ಲಿ ಸವರುವಿಕೆಯ ಪ್ರಾಥಮಿಕ ರೂಪ ಸೇರಿತು. ನೇರವಾಗಿ "ಈ ಕೋಷ್ಟಕವನ್ನು ವರ್ಷವಾರು ವಿಂಗಡಿಸು" ಎಂದು ಆಜ್ಞಾಪಿಸುವ ಸೌಲಭ್ಯ 2017ರ 10ನೆಯ ಆವೃತ್ತಿಯವರೆಗೆ ಕಾಯಬೇಕಾಯಿತು. ಮೈಎಸ್‌ಕ್ಯೂಎಲ್‌ನಲ್ಲಿ ವಿಂಗಡಣೆ 2008ರಲ್ಲಿ 5.1 ಆವೃತ್ತಿಯೊಂದಿಗೆ ಬಂತು. ಇವುಗಳಲ್ಲಿ ಪೋಸ್ಟ್‌ಗ್ರೆಸ್ ಯಾರು ಬೇಕಾದರೂ ಉಚಿತವಾಗಿ ಪಡೆದು ಪರೀಕ್ಷಿಸಬಹುದಾದ್ದರಿಂದ ನಮ್ಮ ವಿಮರ್ಶೆಗೆ ಅದನ್ನೇ ಮುಖ್ಯವಾಗಿ ತೆಗೆದುಕೊಳ್ಳೋಣ.

ಮೊದಲು ಮೆಚ್ಚುಗೆ

ವಿಮರ್ಶೆಯೆಂದರೆ ದೋಷ ಎಣಿಸುವುದಷ್ಟೇ ಅಲ್ಲ. ಪೋಸ್ಟ್‌ಗ್ರೆಸ್‌ನ ಒಂದು ಒಳ್ಳೆಯ ಗುಣವನ್ನು ಮೊದಲೇ ಹೇಳಬೇಕು. ಅದರಲ್ಲಿ ತಾಣಕ್ಕೆ ಒಂದು ಹೆಸರಿರುತ್ತದೆ. ಕೋಷ್ಟಕದ ಭಾಗಕ್ಕೆ ಗೊತ್ತಿರುವುದು ಆ ಗುರುತು ಮಾತ್ರ, ಡಿಸ್ಕಿನ ಮಾರ್ಗವಲ್ಲ. ಹೆಸರಿನಿಂದ ನಿಜವಾದ ಫೋಲ್ಡರಿಗೆ ಹೋಗುವ ದಾರಿಯನ್ನು ಒಂದು ಕೊಂಡಿ ತೋರಿಸುತ್ತದೆ. ಅಂಚೆ ಕಚೇರಿಯ ಪೆಟ್ಟಿಗೆ ಸಂಖ್ಯೆಯಂತೆ: ನೀವು ಮನೆ ಬದಲಿಸಿದರೂ ಪತ್ರ ಬರೆಯುವವರು ವಿಳಾಸ ಬದಲಿಸಬೇಕಿಲ್ಲ.

ಮೈಎಸ್‌ಕ್ಯೂಎಲ್‌ನಲ್ಲಿ ಭಾಗಕ್ಕೆ ಪ್ರತ್ಯೇಕ ಜಾಗ ಕೊಡಬೇಕಾದರೆ ಫೋಲ್ಡರಿನ ಪೂರ್ಣ ಮಾರ್ಗವನ್ನು ಆ ಭಾಗದ ವ್ಯಾಖ್ಯೆಯಲ್ಲೇ ಬರೆಯಬೇಕು. ಇಪ್ಪತ್ತು ಭಾಗಗಳಿದ್ದರೆ ಇಪ್ಪತ್ತು ಕಡೆ ಮಾರ್ಗ ಬರೆದಂತಾಯಿತು. ಡಿಸ್ಕಿನ ಹೆಸರು ಬದಲಾದರೆ ಇಪ್ಪತ್ತೂ ಸುಳ್ಳಾಗುತ್ತವೆ. ಹೆಸರನ್ನೂ ಜಾಗವನ್ನೂ ಬೇರ್ಪಡಿಸಿದ ಪೋಸ್ಟ್‌ಗ್ರೆಸ್‌ನ ಕ್ರಮ ಇದಕ್ಕಿಂತ ಮೇಲು.

ಈ ಕ್ರಮವೂ ಮೊದಲಿನಿಂದ ಶುದ್ಧವಾಗಿರಲಿಲ್ಲ. 2012ರ 9.2 ಆವೃತ್ತಿಯವರೆಗೆ ತಾಣದ ಮಾರ್ಗವನ್ನು ಎರಡು ಕಡೆ ಬರೆದಿಡಲಾಗುತ್ತಿತ್ತು: ಡಿಸ್ಕಿನ ಕೊಂಡಿಯಲ್ಲಿ ಒಮ್ಮೆ, ದತ್ತಸಂಚಯದ ಒಳಗಿನ ಪಟ್ಟಿಯಲ್ಲಿ ಇನ್ನೊಮ್ಮೆ. ಕೆಲಸಕ್ಕೆ ಬರುತ್ತಿದ್ದುದು ಕೊಂಡಿ ಮಾತ್ರ. ತಾಣವನ್ನು ಬೇರೆಡೆಗೆ ಸಾಗಿಸಿ ಕೊಂಡಿ ತಿದ್ದಿದವರು ಪಟ್ಟಿಯನ್ನು ತಿದ್ದಲು ಮರೆತರೆ ದತ್ತಸಂಚಯ ತನ್ನ ಬಗ್ಗೆ ತಾನೇ ಸುಳ್ಳು ಹೇಳುತ್ತಿತ್ತು. 9.2ರಲ್ಲಿ ಪಟ್ಟಿಯ ಆ ಅಂಕಣವನ್ನೇ ಕಿತ್ತುಹಾಕಿದರು. ಈಗ ಕೇಳಿದಾಗ ಕೊಂಡಿಯನ್ನು ಓದಿ ಉತ್ತರ ಹೇಳುತ್ತದೆ. ಒಂದು ಸಂಗತಿಯನ್ನು ಒಂದೇ ಕಡೆ ಬರೆ ಎಂಬ ಹಳೆಯ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಪಾಠ ತರಗತಿಗೆ ಸಿಗದು.

ಮೊದಲ ಆಕ್ಷೇಪಣೆ: ಗುಣವೇ ದೋಷವನ್ನು ಮುಚ್ಚುತ್ತದೆ

ಇನ್ನು ದೋಷಗಳಿಗೆ ಬರೋಣ. ಮೇಲೆ ಹೇಳಿದ ಘಟನೆಯಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ನಷ್ಟ ಗೊತ್ತಾಗದೆ ಇದ್ದುದಕ್ಕೆ ಕಾರಣವೇನು? ಸವರುವಿಕೆ! ಪ್ರತಿದಿನದ ಪ್ರಶ್ನೆಗಳೆಲ್ಲ ಹೊಸ ವರ್ಷಗಳ ಬಗ್ಗೆ. ತಂತ್ರಾಂಶ ಹಳೆಯ ಭಾಗಗಳತ್ತ ತಿರುಗಿಯೂ ನೋಡಲಿಲ್ಲ. ಯಾವ ಗುಣದಿಂದ ವಿಂಗಡಣೆ ವೇಗ ಪಡೆಯುತ್ತದೋ ಅದೇ ಗುಣ ಕಳೆದುಹೋದ ಭಾಗವನ್ನು ಮರೆಮಾಚಿತು. ಕೋಷ್ಟಕ ಒಂದೇ ತುಂಡಾಗಿದ್ದಿದ್ದರೆ ಕಡತ ಕಾಣೆಯಾದ ದಿನವೇ ಎಲ್ಲ ಕೆಲಸ ನಿಂತು, ಡಿಸ್ಕ್ ಅಳಿಸುವ ಮೊದಲೇ ಯಾರಾದರೂ ಹುಡುಕುತ್ತಿದ್ದರು.

ಹಾಗೆಂದು ಸವರುವಿಕೆ ಬೇಡ ಎನ್ನಲಾಗದು. ಆದರೆ ಅದರಿಂದ ಒಂದು ಕರ್ತವ್ಯ ಹುಟ್ಟುತ್ತದೆ. ದಿನನಿತ್ಯದ ಬಳಕೆಯೇ ತಪಾಸಣೆಯಾಗುತ್ತಿದ್ದ ಕಾಲ ಹೋಯಿತು. ಆದ್ದರಿಂದ ಬಳಕೆಯಲ್ಲಿಲ್ಲದ ಭಾಗಗಳನ್ನು ಆಗಾಗ್ಗೆ ತೆರೆದು ನೋಡುವ ಪ್ರತ್ಯೇಕ ತಪಾಸಣೆ ಇರಬೇಕು. ತಾಣಗಳನ್ನು ಪಟ್ಟಿ ಮಾಡುವ ಆಜ್ಞೆ ಪೋಸ್ಟ್‌ಗ್ರೆಸ್‌ನಲ್ಲಿದೆ. ಅದು ವಿಳಾಸ ಹೇಳುತ್ತದೆ. ಆ ವಿಳಾಸದಲ್ಲಿರುವ ಪ್ರತಿಯೊಂದು ಭಾಗವನ್ನೂ ಕೊನೆಯ ಬಾರಿ ಯಾವಾಗ ಓದಿ ಖಚಿತಪಡಿಸಿಕೊಳ್ಳಲಾಯಿತು ಎಂಬ ಅಂಕಣ ಅಲ್ಲಿಲ್ಲ. ಹಳೆಯ ದತ್ತಾಂಶದ ಮಟ್ಟಿಗೆ ವಿಳಾಸಕ್ಕಿಂತ ಆ ದಿನಾಂಕವೇ ಮುಖ್ಯ.

ಇಲ್ಲಿ ಇನ್ನೊಂದು ಅಪಾಯವೂ ಇದೆ. ತಾಣವೊಂದು ಕಳೆದುಹೋದರೆ ನಷ್ಟ ಆ ಭಾಗಕ್ಕೆ ಸೀಮಿತವಾಗಿಯೇ ಇರುತ್ತದೆ ಎನ್ನುವಂತಿಲ್ಲ. ಇಡೀ ದತ್ತಸಂಚಯವೇ ಓದಲಾಗದಂತೆ ಅಥವಾ ಆರಂಭವಾಗದಂತೆ ಆಗಬಹುದು ಎಂದು ಪೋಸ್ಟ್‌ಗ್ರೆಸ್‌ನ ಅಧಿಕೃತ ಕೈಪಿಡಿಯೇ ಎಚ್ಚರಿಸುತ್ತದೆ. ಅಗ್ಗದ ಡಿಸ್ಕಿಗೆ ಹಳೆಯದನ್ನು ತಳ್ಳುವಾಗ ಹೊಸದರ ಸುರಕ್ಷತೆಯನ್ನೂ ಆ ಅಗ್ಗದ ಡಿಸ್ಕಿಗೆ ಕಟ್ಟಿಹಾಕಿದಂತಾಯಿತು, ಅಲ್ಲವೇ?

ಎರಡನೆಯ ಆಕ್ಷೇಪಣೆ: ಆಜ್ಞೆ ಒಂದು, ಅರ್ಥ ಇನ್ನೊಂದು

ವಿಂಗಡಿಸಿದ ಕೋಷ್ಟಕಕ್ಕೆ "ನಿನ್ನ ತಾಣವನ್ನು ಬದಲಿಸು" ಎಂಬ ಆಜ್ಞೆ ಕೊಟ್ಟರೆ ಏನಾಗಬೇಕು? ಎಲ್ಲ ಭಾಗಗಳೂ ಹೊಸ ಜಾಗಕ್ಕೆ ಹೋಗುತ್ತವೆ ಎಂದೇ ನೀವು ಊಹಿಸುತ್ತೀರಿ. ಪೋಸ್ಟ್‌ಗ್ರೆಸ್‌ನಲ್ಲಿ ಒಂದೂ ಕದಲುವುದಿಲ್ಲ! ಆ ಆಜ್ಞೆಯ ಅರ್ಥ "ಇನ್ನು ಮುಂದೆ ಹುಟ್ಟುವ ಭಾಗಗಳು ಅಲ್ಲಿ ಹುಟ್ಟಲಿ" ಎಂದು ಮಾತ್ರ. ಇದ್ದ ಭಾಗಗಳನ್ನು ಒಂದೊಂದಾಗಿ ಸಾಗಿಸಬೇಕು. ಹುಟ್ಟುವ ಭಾಗಗಳು ತಾಯಿ ಕೋಷ್ಟಕದ ತಾಣವನ್ನು ಅನುಸರಿಸುವ ಈ ಕ್ರಮವೂ ಬಂದದ್ದು 2019ರ 12ನೆಯ ಆವೃತ್ತಿಯಲ್ಲಿ.

ಭಾಗವನ್ನು ಸಾಗಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ಅದರ ಸೂಚಿಗಳು, ಅಂದರೆ ಹುಡುಕಾಟಕ್ಕೆ ನೆರವಾಗುವ ಇಂಡೆಕ್ಸ್‌ಗಳು, ಹಳೆಯ ಜಾಗದಲ್ಲೇ ಉಳಿಯುತ್ತವೆ. ಅವಕ್ಕೆ ಬೇರೆ ಆಜ್ಞೆ. ಪುಸ್ತಕವನ್ನು ಅಟ್ಟಕ್ಕೆ ಹಾಕಿ ಅದರ ಸೂಚಿಪತ್ರವನ್ನು ಕೆಳಗಿನ ಬೀರುವಿನಲ್ಲಿ ಬಿಟ್ಟಂತೆ. ಹಳೆಯ ಡಿಸ್ಕಿನಲ್ಲಿ ಇನ್ನೇನೂ ಇಲ್ಲವೆಂದು ಯಾರಾದರೂ ಅದನ್ನು ತೆಗೆದರೆ ಗತಿಯೇನು? ಒರಾಕಲ್‌ನಲ್ಲಿ ಬೇರೆ ಬಗೆಯ ತೊಡಕು. ಅಲ್ಲಿ ಭಾಗವನ್ನು ಸಾಗಿಸಿದಾಗ, ಸೂಚಿಗಳನ್ನೂ ನವೀಕರಿಸು ಎಂದು ಜೊತೆಯಲ್ಲೇ ಹೇಳದಿದ್ದರೆ, ಸಂಬಂಧಪಟ್ಟ ಸೂಚಿಗಳು ನಿರುಪಯುಕ್ತವೆಂದು ಗುರುತಾಗಿ ಮತ್ತೆ ಕಟ್ಟಬೇಕಾಗುತ್ತಿತ್ತು. ಕೆಲಸಕ್ಕೆ ಅಡ್ಡಿಯಾಗದಂತೆ ಸಾಗಿಸುವ ವ್ಯವಸ್ಥೆ 2013ರ 12ಸಿ ಆವೃತ್ತಿಯಲ್ಲಿ ಬಂತು. ಪೋಸ್ಟ್‌ಗ್ರೆಸ್‌ನಲ್ಲಿ ತಾಣ ಬದಲಿಸುವ ಆಜ್ಞೆ ನಡೆಯುವಷ್ಟು ಹೊತ್ತೂ ಆ ಭಾಗಕ್ಕೆ ಬೀಗ, ಓದುವವರೂ ಕಾಯಬೇಕು. ನಕಲು ಮುಗಿಯುವವರೆಗೆ ಎರಡೂ ಕಡೆ ಜಾಗ ಬೇಕೆಂಬುದನ್ನೂ ಮರೆಯಬಾರದು.

ಮೂರನೆಯ ಆಕ್ಷೇಪಣೆ: ತಾಣ ಆರ್ಕೈವ್ ಅಲ್ಲ

ಹಲವರು ಮಾಡುವ ತಪ್ಪೊಂದಿದೆ. ಹಳೆಯ ಭಾಗಗಳಿರುವ ಫೋಲ್ಡರನ್ನು ಹಾಗೆಯೇ ಇನ್ನೊಂದು ಡಿಸ್ಕಿಗೆ ನಕಲು ಮಾಡಿ, "ಆರ್ಕೈವ್ ಆಯಿತು" ಎಂದು ಬೀರುವಿನಲ್ಲಿ ಇಡುತ್ತಾರೆ. ಆ ನಕಲಿನಿಂದ ಮುಂದೆ ದತ್ತಾಂಶ ಪಡೆಯುವುದು ಬಹುತೇಕ ಅಸಾಧ್ಯ. ಯಾವ ಕಡತ ಯಾವ ಕೋಷ್ಟಕದ್ದು, ಅದರ ಅಂಕಣಗಳಾವುವು, ಯಾವ ಸಾಲು ಸಿಂಧು, ಯಾವುದು ಅಸಿಂಧು ಎಂಬ ಮಾಹಿತಿಯೆಲ್ಲ ಮುಖ್ಯ ಫೋಲ್ಡರಿನಲ್ಲಿ ಇರುತ್ತದೆ. ತಾಣದಲ್ಲಿ ಇರುವುದು ಸಂಖ್ಯೆಗಳೇ ಹೆಸರಾದ ಕಡತಗಳು. ಅದನ್ನು ಬೇರೊಂದು ದತ್ತಸಂಚಯಕ್ಕೆ ಜೋಡಿಸಲಾಗದು ಎಂದು ಕೈಪಿಡಿ ಸ್ಪಷ್ಟವಾಗಿ ಹೇಳಿದೆ. ಆದರೆ ಕೈಪಿಡಿ ಓದುವವರು ಎಷ್ಟು ಮಂದಿ? ಫೋಲ್ಡರ್ ಎಂಬುದು ತುಂಬಿದ ಪೆಟ್ಟಿಗೆಯಂತೆ ಕಾಣುತ್ತದೆ. ಹಾಗೆ ಕಾಣುವಂತೆ ಮಾಡಿ, ಹಾಗಲ್ಲ ಎಂದು ಕೈಪಿಡಿಯಲ್ಲಿ ಮಾತ್ರ ಹೇಳುವುದು ಒಳ್ಳೆಯ ವಿನ್ಯಾಸವಲ್ಲ.

ಹಳೆಯ ಭಾಗವನ್ನು ಮುಖ್ಯ ಕೋಷ್ಟಕದಿಂದ ಬೇರ್ಪಡಿಸಿ, ಸ್ವತಂತ್ರವಾಗಿ ಓದಬಹುದಾದ ರೂಪಕ್ಕೆ ಬರೆದಿಟ್ಟಾಗ ಮಾತ್ರ ಅದು ಆರ್ಕೈವ್. ಸ್ವಿಟ್ಜರ್ಲೆಂಡಿನ ಒಕ್ಕೂಟ ಸರ್ಕಾರದ ದಫ್ತರಖಾನೆ ರೂಪಿಸಿದ ಸಿಯಾರ್ಡ್ ಎಂಬ ಕಡತ ಮಾದರಿ ಈ ದೃಷ್ಟಿಯಿಂದ ಅಧ್ಯಯನಯೋಗ್ಯ. ಅದರಲ್ಲಿ ಕೋಷ್ಟಕದ ಸಾಲುಗಳೂ, ಅಂಕಣಗಳ ವಿವರಣೆಯೂ, ಕೋಷ್ಟಕಗಳ ಪರಸ್ಪರ ಸಂಬಂಧವೂ ಎಕ್ಸ್‌ಎಂಎಲ್ ರೂಪದಲ್ಲಿ ಒಂದೇ ಜಿಪ್ ಕಡತದಲ್ಲಿ ಇರುತ್ತವೆ. ಮೂಲ ತಂತ್ರಾಂಶ ಇಲ್ಲದಿದ್ದರೂ ಸಾಮಾನ್ಯ ಪಠ್ಯ ಸಂಪಾದಕದಲ್ಲಿ ತೆರೆದು ಓದಬಹುದು.

ಡಿಸ್ಕ್ ತುಂಬಿತೇ, ಕೆಲಸ ಮುಗಿಯಿತೇ?

ಸಾಗಣೆಯನ್ನು ತಂತ್ರಾಂಶವೇ ನಿರ್ಧರಿಸಲಿ ಎನ್ನುವವರೂ ಇದ್ದಾರೆ. ಒರಾಕಲ್ 12ಸಿ ಯಲ್ಲಿ ಯಾವ ಭಾಗ ಎಷ್ಟು ಬಳಕೆಯಲ್ಲಿದೆ ಎಂಬುದರ "ಶಾಖ ನಕ್ಷೆ" ಇಟ್ಟುಕೊಂಡು ತಾನಾಗಿ ಸಾಗಿಸುವ ವ್ಯವಸ್ಥೆ ಬಂತು. ಕಲ್ಪನೆ ಸೊಗಸಾಗಿದೆ. ಆದರೆ ತಾಣ ಬದಲಿಸುವ ನೀತಿಯ ಸಹಜ ನಿಯಮ ಹೀಗಿದೆ: ತಾಣ ಶೇಕಡಾ 85ರಷ್ಟು ತುಂಬಿದಾಗ ಸಾಗಣೆ ಆರಂಭ, ಶೇಕಡಾ 25ರಷ್ಟು ಖಾಲಿಯಾದಾಗ ನಿಲುಗಡೆ. ಈ ಅಂಕಿಗಳನ್ನು ಬದಲಿಸಬಹುದು, ಬೇರೆ ಷರತ್ತುಗಳನ್ನು ನಾವೇ ಬರೆದು ಸೇರಿಸಲೂಬಹುದು. ಆದರೂ ಯಾರೂ ಏನೂ ಹೇಳದಿದ್ದಾಗ ತಂತ್ರಾಂಶ ಕೇಳಿಕೊಳ್ಳುವ ಪ್ರಶ್ನೆ "ಡಿಸ್ಕ್ ತುಂಬಿತೇ?" ಎಂದು. "ಈ ದತ್ತಾಂಶದ ಕೆಲಸ ಮುಗಿಯಿತೇ? ಇದನ್ನು ಎಷ್ಟು ವರ್ಷ ಇಡಬೇಕು?" ಎಂದಲ್ಲ.

ಈ ಎರಡು ಪ್ರಶ್ನೆಗಳ ಅಂತರ ಸಣ್ಣದಲ್ಲ. ಮೊದಲನೆಯದು ಉಗ್ರಾಣದ ಪ್ರಶ್ನೆ. ಎರಡನೆಯದು ದಫ್ತರಖಾನೆಯ ಪ್ರಶ್ನೆ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಉದ್ದೇಶ ಮುಗಿದ ವೈಯಕ್ತಿಕ ದತ್ತಾಂಶವನ್ನು ಕಾನೂನಿನ ಬೇರೆ ಅಗತ್ಯವಿಲ್ಲದಿದ್ದರೆ ಅಳಿಸಬೇಕೆನ್ನುತ್ತದೆ. ಎಲ್ಲೆಲ್ಲಿ ನಕಲುಗಳಿವೆ ಎಂದು ತಿಳಿಯದಿದ್ದರೆ ಕಾಪಾಡುವುದೂ ಆಗದು, ಅಳಿಸುವುದೂ ಆಗದು.

ವಿಳಾಸ ಸರಿ, ಬಾಗಿಲು ತೆರೆಯದು

ತಾಣದ ಪಟ್ಟಿ ಸರಿಯಾಗಿದ್ದು, ಡಿಸ್ಕೂ ಅಲ್ಲೇ ಇದ್ದು, ಓದಲು ಮಾತ್ರ ಆಗದಿರುವ ಸಂದರ್ಭಗಳೂ ಉಂಟು. ದೊಡ್ಡ ಆರ್ಕೈವ್‌ಗಳು ಬಳಸುವ ಎಲ್‌ಟಿಒ ಕಾಂತಪಟ್ಟಿಯನ್ನು ನೋಡಿ. 2000ದಲ್ಲಿ ಬಂದ ಮೊದಲ ಪೀಳಿಗೆಯ ಪಟ್ಟಿಯಲ್ಲಿ 100 ಗಿಗಾಬೈಟ್ ಹಿಡಿಸುತ್ತಿತ್ತು. ಏಳನೆಯ ಪೀಳಿಗೆಯವರೆಗೆ ಒಂದು ಯಂತ್ರ ತನ್ನ ಹಿಂದಿನ ಎರಡು ಪೀಳಿಗೆಗಳ ಪಟ್ಟಿಗಳನ್ನು ಓದಬಲ್ಲದಾಗಿತ್ತು. 2017ರಲ್ಲಿ ಬಂದ ಎಂಟನೆಯ ಪೀಳಿಗೆಯ ಯಂತ್ರ ತನ್ನ ಹಿಂದಿನ ಒಂದು ಪೀಳಿಗೆಯನ್ನು ಮಾತ್ರ ಓದುತ್ತದೆ. ಆರನೆಯ ಪೀಳಿಗೆಯ ಪಟ್ಟಿ ಅದಕ್ಕೆ ಅಪರಿಚಿತ. ಆದ್ದರಿಂದ "ಇಂಥ ಕಪಾಟಿನ ಇಂಥ ಪಟ್ಟಿ" ಎಂದು ಬರೆದರೆ ಸಾಲದು. ಪೀಳಿಗೆ ಯಾವುದು, ಓದುವ ಯಂತ್ರ ನಮ್ಮಲ್ಲಿದೆಯೇ ಎಂಬುದನ್ನೂ ಬರೆಯಬೇಕು.

ಇಂಗ್ಲೆಂಡಿನ ಒಂದು ಉದಾಹರಣೆ ಪ್ರಸಿದ್ಧವಾಗಿದೆ. 1086ರ ಡೂಮ್ಸ್‌ಡೇ ಪುಸ್ತಕಕ್ಕೆ 900 ವರ್ಷ ತುಂಬಿದ ನೆನಪಿಗೆ ಬಿಬಿಸಿ ಸಂಸ್ಥೆ 1986ರಲ್ಲಿ ಜನಜೀವನದ ದೊಡ್ಡ ಸಂಗ್ರಹವನ್ನು ಲೇಸರ್ ಡಿಸ್ಕುಗಳಲ್ಲಿ ಹೊರತಂದಿತು. ಹದಿನೈದೇ ವರ್ಷಗಳಲ್ಲಿ ಆ ಡಿಸ್ಕುಗಳನ್ನು ಓದುವ ಯಂತ್ರಗಳು ಅಪರೂಪವಾದವು. ಲೀಡ್ಸ್ ಮತ್ತು ಮಿಶಿಗನ್ ವಿಶ್ವವಿದ್ಯಾಲಯಗಳ ಕೆಮಿಲಿಯಾನ್ ಎಂಬ ಯೋಜನೆಯವರು ಹಳೆಯ ಗಣಕವನ್ನು ತಂತ್ರಾಂಶದಿಂದ ಅನುಕರಿಸಿ 2002ರಲ್ಲಿ ಅದನ್ನು ಮತ್ತೆ ತೆರೆದು ತೋರಿಸಬೇಕಾಯಿತು. ಚರ್ಮದ ಹಾಳೆಯ ಮೇಲೆ ಬರೆದ 1086ರ ಮೂಲ ಪುಸ್ತಕವನ್ನು ಮಾತ್ರ ಇಂದಿಗೂ ಬರಿಗಣ್ಣಿನಿಂದ ಓದಬಹುದು!

ಒಂದು ಪ್ರತಿವಾದ

ದತ್ತಸಂಚಯ ತಂತ್ರಾಂಶ ರಚಿಸುವವರು ಹೀಗೆ ಹೇಳಬಹುದು: "ಡಿಸ್ಕ್ ಜೋಡಿಸುವುದು ಕಾರ್ಯಾಚರಣ ವ್ಯವಸ್ಥೆಯ ಕೆಲಸ, ನಕಲು ಇಡುವುದು ನಿರ್ವಾಹಕರ ಕೆಲಸ. ಎಲ್ಲವನ್ನೂ ನಾವೇ ಮಾಡಹೊರಟರೆ ತಂತ್ರಾಂಶ ಭಾರವಾಗುತ್ತದೆ. ಪ್ರತಿ ಬಾರಿ ಆರಂಭವಾಗುವಾಗ ಎಲ್ಲ ಭಾಗಗಳನ್ನೂ ಓದಿ ನೋಡಿದರೆ ಗಂಟೆಗಟ್ಟಲೆ ಹಿಡಿಯುತ್ತದೆ." ಈ ವಾದದಲ್ಲಿ ಹುರುಳಿದೆ. ಎಲ್ಲವನ್ನೂ ಓದಿ ನೋಡಬೇಕೆಂದು ನಾವೂ ಹೇಳುವುದಿಲ್ಲ. ಆದರೆ ತಾಣದ ಫೋಲ್ಡರ್ ಇದೆಯೋ ಇಲ್ಲವೋ ಎಂದು ನೋಡಿ, ಇಲ್ಲದಿದ್ದರೆ ಬಳಕೆದಾರರ ಕಣ್ಣಿಗೆ ಬೀಳುವಂತೆ ಹೇಳಲು ಕ್ಷಣ ಸಾಕು. ಅದಕ್ಕೆ ಭಾರದ ನೆಪ ಒಪ್ಪುವುದಿಲ್ಲ.

ಇದೇ ರಚನಕಾರರು ಬೇರೊಂದು ವಿಷಯದಲ್ಲಿ ಮನಸ್ಸು ಬದಲಿಸಿದ್ದನ್ನು ಇಲ್ಲಿ ನೆನೆಯಬಹುದು. ಡಿಸ್ಕಿನಲ್ಲಿರುವ ಪುಟ ಕೆಟ್ಟಿದೆಯೇ ಎಂದು ಪತ್ತೆ ಮಾಡುವ ಪರಿಶೀಲನಾ ಮೊತ್ತ ಪೋಸ್ಟ್‌ಗ್ರೆಸ್‌ನಲ್ಲಿ 2013ರಿಂದಲೇ ಇತ್ತು. ಬೇಕೆಂದು ಕೇಳಿದವರಿಗೆ ಮಾತ್ರ ಸಿಗುತ್ತಿತ್ತು. 2025ರ 18ನೆಯ ಆವೃತ್ತಿಯಿಂದ ಹೊಸದಾಗಿ ಸ್ಥಾಪಿಸುವ ದತ್ತಸಂಚಯಗಳಲ್ಲಿ ಅದು ಕೇಳದೆಯೇ ಚಾಲೂ ಆಗಿರುತ್ತದೆ. ಸುರಕ್ಷತೆ ಕೇಳಿ ಪಡೆಯುವ ವಸ್ತುವಾಗಿರಬಾರದು ಎಂಬ ತತ್ತ್ವವನ್ನು ಪುಟದ ಮಟ್ಟದಲ್ಲಿ ಒಪ್ಪಿದವರು ತಾಣದ ಮಟ್ಟದಲ್ಲೂ ಒಪ್ಪಬೇಕಲ್ಲವೇ?

ನೀವೇ ಮಾಡಿ ನೋಡಿ

ಪ್ರಯೋಗಶಾಲೆಯ ಒಂದು ಗಣಕದಲ್ಲಿ ಅಭ್ಯಾಸಕ್ಕೆಂದೇ ಪೋಸ್ಟ್‌ಗ್ರೆಸ್ ಸ್ಥಾಪಿಸಿಕೊಳ್ಳಿ. ಕೆಲಸದ ದತ್ತಸಂಚಯದಲ್ಲಿ ಇದನ್ನು ಖಂಡಿತ ಮಾಡಬೇಡಿ. ವರ್ಷದ ಅಂಕಣದ ಮೇಲೆ ವಿಂಗಡಿಸಿದ ಒಂದು ಅಂಕಗಳ ಕೋಷ್ಟಕವನ್ನೂ ಅದಕ್ಕೆ ಮೂರು ವರ್ಷಗಳ ಮೂರು ಭಾಗಗಳನ್ನೂ ರಚಿಸಿ. ಬೇರೊಂದು ಫೋಲ್ಡರಿನಲ್ಲಿ ಒಂದು ತಾಣ ಮಾಡಿ, ಅತಿ ಹಳೆಯ ಭಾಗವನ್ನು ಅಲ್ಲಿಗೆ ಸಾಗಿಸಿ. ಅದರ ಸೂಚಿ ಎಲ್ಲಿ ಉಳಿಯಿತು ಎಂದು ನೋಡಿ ಬರೆದುಕೊಳ್ಳಿ. ಈಗ ದತ್ತಸಂಚಯವನ್ನು ಕ್ರಮವಾಗಿ ನಿಲ್ಲಿಸಿ, ತಾಣದ ಫೋಲ್ಡರಿನ ಹೆಸರು ಬದಲಿಸಿ, ಮತ್ತೆ ಆರಂಭಿಸಿ. ಮೊದಲು ಹೊಸ ವರ್ಷದ ಅಂಕ ಕೇಳಿ. ಆಮೇಲೆ ಹಳೆಯ ವರ್ಷದ್ದು ಕೇಳಿ. ಕೊನೆಗೆ ವರ್ಷದ ಷರತ್ತಿಲ್ಲದೆ ಎಲ್ಲ ಸಾಲುಗಳನ್ನೂ ಎಣಿಸಲು ಹೇಳಿ. ಮೂರು ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ವಿದ್ಯಾರ್ಥಿಗಳೊಡನೆ ಚರ್ಚಿಸಿ. ಪ್ರಯೋಗ ಮುಗಿದ ಮೇಲೆ ಮತ್ತೆ ನಿಲ್ಲಿಸಿ, ಫೋಲ್ಡರಿಗೆ ಮೊದಲಿನ ಹೆಸರು ಕೊಡುವುದನ್ನು ಮರೆಯಬೇಡಿ.

ಒಂದು ವಹಿ ಇರಲಿ

ತಂತ್ರಾಂಶ ಸುಧಾರಿಸುವವರೆಗೆ ನಾವು ಕಾಯಬೇಕಿಲ್ಲ. ಪ್ರತಿ ಸಂಸ್ಥೆಯೂ ತನ್ನ ಹಳೆಯ ಭಾಗಗಳಿಗೆ ಒಂದು ತಾಣ ವಹಿ ಇಟ್ಟುಕೊಳ್ಳಬಹುದು. ಅದರಲ್ಲಿ ಭಾಗದ ಹೆಸರು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗಿನ ದತ್ತಾಂಶ, ಒಟ್ಟು ಸಾಲುಗಳು, ಎಷ್ಟು ನಕಲುಗಳು ಎಲ್ಲೆಲ್ಲಿವೆ, ಮಾಧ್ಯಮ ಯಾವುದು, ಬರೆದ ತಂತ್ರಾಂಶದ ಆವೃತ್ತಿ ಯಾವುದು, ಎಷ್ಟು ವರ್ಷ ಇಡಬೇಕು, ಕೊನೆಯ ಬಾರಿ ತೆರೆದು ನೋಡಿದ ದಿನ ಯಾವುದು, ನೋಡಿದವರು ಯಾರು ಎಂಬ ಅಂಕಣಗಳಿರಲಿ. ಜೊತೆಗೆ ಹೊರಬರೆದ ಕಡತದ ಎಸ್‌ಎಚ್‌ಎ-256 ಮುದ್ರೆಯೂ ಇರಲಿ. ಅದು ಕಡತದಿಂದ ಲೆಕ್ಕ ಹಾಕಿ ಪಡೆಯುವ 64 ಅಕ್ಷರಾಂಕಗಳ ಗುರುತು. ಕಡತದಲ್ಲಿ ಒಂದು ಬಿಟ್ ಬದಲಾದರೂ ಮುದ್ರೆ ಪೂರ್ತಿ ಬೇರೆಯಾಗುತ್ತದೆ. ವರ್ಷಕ್ಕೊಮ್ಮೆ ಪ್ರತಿ ನಕಲನ್ನೂ ತೆರೆದು ಮುದ್ರೆಯನ್ನು ತಾಳೆ ನೋಡಿ, ಒಂದು ಭಾಗವನ್ನಾದರೂ ಬೇರೆ ಗಣಕಕ್ಕೆ ತುಂಬಿ ಸಾಲುಗಳನ್ನು ಎಣಿಸಬೇಕು.

ಒಂದು ಎಚ್ಚರಿಕೆ: ಈ ವಹಿಯನ್ನು ಅದೇ ದತ್ತಸಂಚಯದ ಒಳಗೆ ಮಾತ್ರ ಇಡಬೇಡಿ. ಮನೆಯ ಬೀಗದ ಕೈಯನ್ನು ಮನೆಯೊಳಗಿಟ್ಟು ಬಾಗಿಲು ಎಳೆದುಕೊಂಡಂತಾಗುತ್ತದೆ. ಒಂದು ಪ್ರತಿ ಕಾಗದದ ಮೇಲಿರಲಿ.

ಮೊದಲು ಹೇಳಿದ ಸಂಗತಿ ಹೇಗೆ ಮುಗಿಯಿತು ಎಂದು ನೀವು ಕೇಳಬಹುದು. ಆ ಸಂಸ್ಥೆಯಲ್ಲಿ ಪ್ರತಿರಾತ್ರಿ ನಕಲು ಮಾಡುವ ವ್ಯವಸ್ಥೆ ಇತ್ತು, ಆದರೆ ಅದು ಚಾಲ್ತಿ ವರ್ಷದ ಭಾಗಕ್ಕೆ ಮಾತ್ರ. ಹಳೆಯವು ಬದಲಾಗುವುದಿಲ್ಲವಲ್ಲ, ದಿನಾ ಏಕೆ ನಕಲು ಮಾಡಬೇಕು ಎಂಬ ತರ್ಕ. ತರ್ಕ ಸರಿಯೇ, ಒಮ್ಮೆಯಾದರೂ ಮಾಡಬೇಕಿತ್ತು ಅಷ್ಟೆ. ಕೊನೆಗೆ ಒದಗಿ ಬಂದದ್ದು ಮುದ್ರಿತ ಅಂಕವಹಿಗಳು. ಗಂಟು ಬಿಚ್ಚಿ, ಧೂಳು ಕೊಡವಿ, ಇಬ್ಬರು ಗುಮಾಸ್ತರು ಮೂರು ವಾರ ಕುಳಿತು ಆ ವರ್ಷಗಳ ಅಂಕಗಳನ್ನು ಮತ್ತೆ ಗಣಕಕ್ಕೆ ಸೇರಿಸಿದರು. ಅಂಕಪಟ್ಟಿ ಸಿದ್ಧವಾಯಿತು. ಅಷ್ಟರಲ್ಲಿ ಆ ವಿದ್ಯಾರ್ಥಿನಿಯ ಅರ್ಜಿಯ ಕೊನೆಯ ದಿನ ಕಳೆದುಹೋಗಿತ್ತು. ಅವರು ಒಂದು ವರ್ಷ ಕಾಯಬೇಕಾಯಿತು.

ಈಗ ಅಲ್ಲಿ ತಾಣ ವಹಿ ಇದೆ. ಡಿಸ್ಕುಗಳ ಮೇಲೆ ಚೀಟಿ ಇದೆ. ನಿಮ್ಮ ಸಂಸ್ಥೆಯಲ್ಲಿ ಇದೆಯೇ? ನಾಳೆ ಬೆಳಿಗ್ಗೆ ಹತ್ತು ವರ್ಷ ಹಿಂದಿನ ಒಂದು ದಾಖಲೆಯನ್ನು ಗಣಕದಲ್ಲಿ ಕೇಳಿ ನೋಡಿ.